ಓನ್ನಿ ತಾತನ ಎಡಗೈ

ಚಿತ್ರದಲ್ಲಿ ಕೈ ಬರೆಯುವುದೆಂದರೆ ಸೆನ್ಯಾಳಿಗೆ ಭಯ. ಮುಖ ಬರುತ್ತಿತ್ತು, ಕೋಟಿನ ಮಡಿಕೆಗಳೂ ಬರುತ್ತಿದ್ದವು. ಮಣಿಕಟ್ಟು ದಾಟಿದರೆ ಪೆನ್ಸಿಲ್ಲು ತಡವರಿಸುತ್ತಿತ್ತು. ಗ್ರಾಫಿಕ್ ಡಿಸೈನ್ ಎರಡನೇ ವರ್ಷದ ಚಿತ್ರರಚನೆಯ ತರಗತಿಯಲ್ಲಿ ಎಲ್ಲರ ಹಾಳೆಗಳನ್ನೂ ಗೋಡೆಗೆ ಚುಚ್ಚಿ, ಎಲ್ಲರೂ ನಿಂತು ಒಂದೊಂದರ ಬಗ್ಗೆಯೂ ಮಾತಾಡುವುದು ಪದ್ಧತಿ. ಜನವರಿಯ ಒಂದು ದಿನ ಅಧ್ಯಾಪಕಿ ಜಿಲಿಯನ್ ಅವಳ ಹಾಳೆಯ ಮುಂದೆ ಬಹಳ ಹೊತ್ತು ನಿಂತರು.

"ಈ ಮನುಷ್ಯ ಯಾಕೆ ಕೈಗವಸು ಹಾಕ್ಕೊಂಡಿದಾನೆ?"

"ಹಾಕ್ಕೊಂಡಿಲ್ಲ. ಅದು ಕೈ."

ಹಿಂದೆ ಯಾರೋ ನಕ್ಕರು. ಜಿಲಿಯನ್ ನಗಲಿಲ್ಲ. "ಕೈ ಹೇಗಿರತ್ತೆ ಅಂತ ನಿನ್ನ ತಲೇಲಿರೋದನ್ನ ಬರೀತಿದೀಯ, ಸೆನ್ಯಾ. ಎದುರಿಗಿರೋ ಕೈನ ನೋಡ್ತಾನೇ ಇಲ್ಲ."

ಮೂರನೇ ವರ್ಷದ ಚಿತ್ರರಚನೆಯ ಶಾಖೆಗೆ ಹನ್ನೆರಡೇ ಜಾಗ. ಉಳಿದವರು ಪುಟವಿನ್ಯಾಸಕ್ಕೆ ಹೋಗಬೇಕು. ಅಲ್ಲಿ ಬೇರೆಯವರ ಚಿತ್ರಗಳನ್ನು ಜೋಡಿಸುವುದೇ ಕೆಲಸ. ಅಜ್ಜಿ ಬಾಯಿಪಾಠ ಹೇಳುತ್ತಿದ್ದ ಬೈಬಲ್ಲಿನ ಕೀರ್ತನೆಗಳನ್ನು ಕೇಳುತ್ತ, ಒಂದೊಂದು ಸಾಲಿಗೂ ಒಂದು ಚಿತ್ರ ಕಾಣುತ್ತ ಬೆಳೆದವಳು ಸೆನ್ಯಾ. ಆ ಹನ್ನೆರಡರಲ್ಲಿ ಒಂದು ಜಾಗ ತನಗೆ ಸಿಗದೆ ಹೋದರೆ ಮುಂದೇನು ಎಂಬುದನ್ನು ಅವಳು ಯೋಚಿಸಲೇ ಇಲ್ಲ.

ಆಯ್ಕೆಗೆ ಒಂದೇ ಕೆಲಸ. ದುಡಿಯುತ್ತಿರುವ ಒಬ್ಬರ ಎದುರು ಆರು ಸಲ ಕುಳಿತು, ನೋಡಿ ಬರೆಯಬೇಕು. ಫೋಟೊ ಮೇಲೆ ಗೆರೆ ಎಳೆಯುವಂತಿಲ್ಲ. ಕೊನೆಗೆ ಅದರಿಂದ ಒಂದು ಪೋಸ್ಟರ್ ಮಾಡಬೇಕು. ಸೆನ್ಯಾ ತನ್ನ ಚರ್ಚಿನ ಓನ್ನಿ ತಾತನನ್ನು ಕೇಳಿದಳು. ಎಪ್ಪತ್ತೊಂದರ ಓನ್ನಿ ಕೆನಡಾದ ಥಂಡರ್ ಬೇ ಊರಿನ ಹಳೆಯ ಬೀದಿಯಲ್ಲಿ ಬೂಟು ರಿಪೇರಿಯ ಅಂಗಡಿ ಇಟ್ಟಿದ್ದ. ಪ್ರಾಯದಲ್ಲಿ ಮರ ಕೊಯ್ಯುವ ಮಿಲ್ಲಿನಲ್ಲಿದ್ದಾಗ ಎಡಗೈಯ ಎರಡು ಬೆರಳು ಕಳೆದುಕೊಂಡಿದ್ದ.

"ನನ್ನ ಮೂತಿ ಪೋಸ್ಟರ್ ಮೇಲಾ? ಇರೋ ನಾಲ್ಕು ಗಿರಾಕಿಗಳೂ ಓಡಿಹೋಗ್ತಾರಲ್ಲೇ," ಎಂದ. ಎಂದವನೇ ಬೆಳಕು ಬೀಳುವ ಕಡೆಗೆ ಒಂದು ಕುರ್ಚಿ ಎಳೆದಿಟ್ಟ.

ಎರಡು ದಿನ ಅವಳು ಕುಳಿತು ಬರೆದಳು. ಅಂಟಿನ ವಾಸನೆ, ಸುತ್ತಿಗೆಯ ಸದ್ದು, ನಡುನಡುವೆ ತಾತ ಗುನುಗುವ ಚರ್ಚಿನ ಹಾಡಿನ ಅರ್ಧ ಸಾಲು, ಎಲ್ಲವೂ ಅವಳ ಮನಸ್ಸು ತುಂಬುತ್ತಿದ್ದವು. ಕಾಗದದ ಮೇಲೆ ಮಾತ್ರ ಅದೇ ಕೈಗವಸು. ಮೂರನೆಯ ದಿನ ಅವಳು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡು ಬೇಗ ಎದ್ದಳು. ಆಮೇಲೆ ಹೋಗಲಿಲ್ಲ.

ಟ್ಯಾಬ್ಲೆಟ್ಟಿನಲ್ಲಿ ಫೋಟೊ ಕೆಳಗಿಟ್ಟು ಅದರ ಮೇಲೆ ಗೆರೆ ಎಳೆದಾಗ ಕೈಗಳು ಕೈಗಳಂತೆಯೇ ಬಂದವು. ಗೆರೆಯನ್ನು ಅಲ್ಲಲ್ಲಿ ನಡುಗಿಸಿ, ಎದುರು ಕುಳಿತು ಬರೆದದ್ದರಂತೆ ಕಾಣುವಂತೆ ಮಾಡಿದಳು. ಪೋಸ್ಟರಿನಲ್ಲಿ ಅಕ್ಷರಗಳು ಎಡಕ್ಕಿದ್ದವು, ತಾತನ ಮುಖ ಬಲಕ್ಕೆ ತಿರುಗಿತ್ತು. ಚಿತ್ರದ ಮುಖ ಅಕ್ಷರಗಳ ಕಡೆಗೆ ನೋಡಬೇಕು, ಪುಟದಾಚೆಗೆ ನೋಡಬಾರದು ಎಂಬುದು ಮೊದಲ ವರ್ಷದಲ್ಲೇ ಕಲಿಸಿದ ಪಾಠ. ಒಂದು ಗುಂಡಿ ಒತ್ತಿದಳು. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡಿತು. ಪುಟ ಚೆನ್ನಾಗಿ ಕೂತಿತು.

ಪಕ್ಕದ ಮೇಜಿನ ಗೆಳತಿ ರೆನೇ ತನ್ನ ಪೋಸ್ಟರ್ ತೋರಿಸಿದಳು. "ನನ್ನ ಬೇಕರಿ ಹೆಂಗಸಿನ ಬೆರಳು ನೋಡು, ಕ್ಯಾರೆಟ್ ಇದ್ದಂಗಿವೆ. ಆದ್ರೂ ಆರು ದಿನ ಕೂತು ಬರೆದ ಕ್ಯಾರೆಟ್ಟಮ್ಮಾ."

ಸೆನ್ಯಾ ನಕ್ಕಳು. ನಕ್ಕು, ತನ್ನ ಟ್ಯಾಬ್ಲೆಟ್ಟನ್ನು ಮಗುಚಿ ಇಟ್ಟಳು.

ಶನಿವಾರ ಮಧ್ಯಾಹ್ನ ಕಾಲೇಜಿನ ಪಡಸಾಲೆಯಲ್ಲಿ ಪ್ರದರ್ಶನ. ಬಾಗಿಲ ಬಳಿ ಆಯ್ಕೆಯ ಪಟ್ಟಿ ಅಂಟಿಸಿದ್ದರು. ಸೆನ್ಯಾ ನಾಲ್ಕನೆಯವಳು, ರೆನೇ ಹದಿಮೂರನೆಯವಳು. "ಹೋಗಲಿ ಬಿಡು, ನೀನಾದ್ರೂ ಹೋಗ್ತೀಯಲ್ಲ," ಎಂದು ರೆನೇ ಅವಳ ಭುಜ ತಟ್ಟಿ ಕಾಫಿ ತರಲು ಹೋದಳು.

ಚರ್ಚಿನವರ ಜೊತೆ ಓನ್ನಿ ತಾತನೂ ಬಂದ. ಭಾನುವಾರದ ಕೋಟು ತೊಟ್ಟಿದ್ದ. ಪೋಸ್ಟರಿನ ಎದುರು ನಿಂತು, ತನ್ನೆರಡು ಕೈಗಳನ್ನೂ ಮುಂದೆ ಚಾಚಿ ಒಮ್ಮೆ ಅವನ್ನು, ಒಮ್ಮೆ ಚಿತ್ರವನ್ನು ನೋಡಿದ.

"ನನ್ನನ್ನ ಎಡಚ ಮಾಡಿದೀಯಲ್ಲೇ," ಎಂದ ಮೆಲ್ಲಗೆ. "ಇದರಲ್ಲಿ ಬೆರಳು ಹೋಗಿರೋದು ಬಲಗೈದು."

ಸೆನ್ಯಾಳ ಕಿವಿ ಬಿಸಿಯಾಯಿತು. "ಪುಟಕ್ಕೋಸ್ಕರ ತಿರುಗಿಸಿದೆ, ತಾತ."

"ತಿರುಗಿಸು, ನಂಗೇನು. ಆದ್ರೆ ಕೂತು ನೋಡಿ ಬರೆದೋರಿಗೆ ತಿರುಗಿಸಿದ್ ತಕ್ಷಣ ಕಣ್ಣಿಗೆ ಹೊಡೀಬೇಕಿತ್ತಲ್ವಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಹೋದ ವಾರ ಗುರುವಾರ ನಿಂಗೋಸ್ಕರ ಕುರ್ಚಿ ಇಟ್ಟಿದ್ದೆ. ಶುಕ್ರವಾರಾನೂ ಇಟ್ಟಿದ್ದೆ. ಹುಷಾರಿಲ್ವೇನೋ ಅನ್ಕೊಂಡೆ."

ಅಷ್ಟು ಹೇಳಿ ಅವನು ಮುಂದಿನ ಚಿತ್ರದ ಕಡೆಗೆ ನಡೆದ. ಯಾರಿಗೂ ಏನೂ ಹೇಳಲಿಲ್ಲ. ಹೇಳುವವನೂ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಅದು ತಿಳಿದು ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ.

ಮರುದಿನ ಚರ್ಚಿನಲ್ಲಿ ಎಲ್ಲರೂ ಒಟ್ಟಾಗಿ ತಪ್ಪೊಪ್ಪಿಗೆಯ ಪ್ರಾರ್ಥನೆ ಹೇಳಿದರು. ಐದು ವರ್ಷದವಳಿದ್ದಾಗಿನಿಂದ ಬಾಯಿಗೆ ಬರುವ ಮಾತುಗಳು. ಸೆನ್ಯಾಳ ತುಟಿ ಆಡಿತು, ದನಿ ಬರಲಿಲ್ಲ. ಸುತ್ತಲಿನವರು ಹೇಳುತ್ತಿದ್ದುದನ್ನು ಕೊನೆಯವರೆಗೂ ಕೇಳುತ್ತ ನಿಂತಳು.

ಸೋಮವಾರ ಬೆಳಗ್ಗೆ ಜಿಲಿಯನ್ ಅವರ ಕೋಣೆಯ ಬಾಗಿಲು ತಟ್ಟಿದಳು. ಫೋಟೊ ತೋರಿಸಿದಳು. ಜಿಲಿಯನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನಗೆ ಗೊತ್ತಾಗಿರಲಿಲ್ಲ," ಎಂದರು. "ನೀನು ಹೇಳದಿದ್ರೆ ಗೊತ್ತಾಗ್ತಾನೂ ಇರಲಿಲ್ಲ."

"ಹೌದು."

"ಹೇಳಿದ್ದಕ್ಕೆ ಜಾಗ ಉಳಿಸ್ತೀನಿ ಅಂತೇನಾದ್ರೂ ಅನ್ಕೊಂಡು ಬಂದ್ಯಾ?"

"ಬರುವಾಗ ಸ್ವಲ್ಪ ಅನ್ಕೊಂಡಿದ್ದೆ."

ಜಿಲಿಯನ್ ಕಿಟಕಿಯ ಕಡೆಗೆ ನೋಡಿದರು. "ಉಳಿಸೋಕಾಗಲ್ಲಮ್ಮಾ. ಆರು ದಿನ ಕೂತು ಕೆಟ್ಟದಾಗಿ ಬರೆದೋರು ಪಟ್ಟಿಯ ಹೊರಗಿದಾರೆ. ಹೋಗಿ ಪೋಸ್ಟರ್ ನೀನೇ ಇಳಿಸು."

ಅವಳು ಪಿನ್ನುಗಳನ್ನು ಒಂದೊಂದಾಗಿ ಕೀಳುತ್ತಿದ್ದಾಗ ರೆನೇ ಮೆಟ್ಟಿಲು ಹತ್ತಿ ಬಂದಳು. ಸೆನ್ಯಾ ಎಲ್ಲವನ್ನೂ ಹೇಳಿದಳು. ರೆನೇ ಗೋಡೆಯಲ್ಲಿ ಉಳಿದಿದ್ದ ಒಂದು ಪಿನ್ನು ಕಿತ್ತು ಅವಳ ಅಂಗೈಗೆ ಹಾಕಿದಳು.

"ಶನಿವಾರ ನಾನು ನಿನ್ನ ಭುಜ ತಟ್ಟಿದೆ. ನೀನು ತಟ್ಟಿಸ್ಕೊಂಡೆ."

"ಹೂಂ."

"ನಿನ್ನ ಜಾಗ ನಂಗ್ ಬೇಡ ಅನ್ನೋಣ ಅಂತ ಬಾಯಿಗ್ ಬರ್ತಿದೆ. ಆದ್ರೆ ಬೇಕು ಕಣೇ. ಅದಕ್ಕೇ ಇನ್ನೂ ಸಿಟ್ಟು ಬರ್ತಿದೆ."

ಅವಳು ಬಾಗಿಲು ತಳ್ಳಿಕೊಂಡು ಮೆಟ್ಟಿಲ ಕಡೆಗೆ ಹೋಗಿ ಅಮ್ಮನಿಗೆ ಫೋನು ಮಾಡಿದಳು. ಬಾಗಿಲಾಚೆಯಿಂದ ಅವಳ ಮನೆಮಾತಾದ ಫ್ರೆಂಚ್ ಕೇಳಿಸುತ್ತಿತ್ತು. ಮೊದಲು ಬಿಗಿದುಕೊಂಡಿದ್ದ ದನಿ ಬರಬರುತ್ತ ಸಡಿಲವಾಗಿ, ಏರಿ, ಕೊನೆಗೆ ಅಳುವೋ ನಗುವೋ ತಿಳಿಯದಂತಾಯಿತು. ಸೆನ್ಯಾ ಆ ಮಾತು ಮುಗಿಯುವವರೆಗೂ ಅಲ್ಲೇ ನಿಂತು ಕೇಳಿದಳು. ಆಮೇಲೆ ಕಚೇರಿಗೆ ಇಳಿದು ಹೋಗಿ, ಪುಟವಿನ್ಯಾಸ ಶಾಖೆಯ ಅರ್ಜಿ ಕೇಳಿ ಪಡೆದು, ತನ್ನ ಹೆಸರು ಬರೆದಳು.