ಇಸ್ತ್ರಿಯಾದ ಸಹಿಗಳು

೧

೨೦೨೪ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ೯ ಗಂಟೆ ೨೦ ನಿಮಿಷ.

ಕಥೆಯನ್ನು ಇಲ್ಲಿಂದ ಶುರು ಮಾಡಬೇಕೋ ಬೇಡವೋ ಎಂದು ನನಗೆ ಇನ್ನೂ ಅನುಮಾನ. ಗಳಿಗೆಯಲ್ಲಿ ಮಾತ್ರ ತಪ್ಪಿಲ್ಲ. ಹೊಲಿಗೆ ಅಂಗಡಿಯ ಗೋಡೆ ಗಡಿಯಾರ ಎರಡು ನಿಮಿಷ ಮುಂದಿತ್ತು, ಅದನ್ನು ಕಳೆದೇ ಬರೆದಿದ್ದೇನೆ. ಆ ಹೊತ್ತಿಗೆ ಟೈಲರಮ್ಮ ಇಸ್ತ್ರಿಪೆಟ್ಟಿಗೆಯನ್ನು ಮೇಲೆತ್ತಿ ಕೆಳಗಿದ್ದ ಕಾಗದ ನೋಡಿದಳು. ಕಾಗದದ ಮೇಲೆ ಇರಬೇಕಾದ್ದು ಇರಲಿಲ್ಲ.

ಏನಿತ್ತು, ಏನು ಹೋಯಿತು ಎಂದು ನೀವು ಕೇಳುತ್ತೀರಿ. ನ್ಯಾಯವೇ. ಹನ್ನೊಂದು ವಾರ ಹಿಂದಕ್ಕೆ ಹೋಗಿ ಬರೋಣ, ಅಲ್ಲಿಯವರೆಗೆ ಇಸ್ತ್ರಿಪೆಟ್ಟಿಗೆ ಗಾಳಿಯಲ್ಲೇ ಇರಲಿ. (ಅವಳ ಕೈ ಗಟ್ಟಿ. ತಡೆಯುತ್ತಾಳೆ.)

೨

ಕುಡಿಯುವ ನೀರು ಪರೀಕ್ಷಿಸುವ ಸಣ್ಣದೊಂದು ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಗಸನ್ನು ಬೀದಿಯವರೆಲ್ಲ ಲ್ಯಾಬಕ್ಕ ಎನ್ನುತ್ತಿದ್ದರು. ಟೈಲರಮ್ಮ ಅವಳ ನಾದಿನಿ. ಹಿಂದಿನ ನಗರಸಭೆ ಚುನಾವಣೆಗೆ ಟೈಲರಮ್ಮ ನಿಲ್ಲಬೇಕೆಂದಿದ್ದಳು, ವಾರ್ಡಿನ ಅರ್ಧ ಜನ ಬೆನ್ನಿಗಿದ್ದರು. ಎದುರಾಳಿಯ ಫ್ಲೆಕ್ಸುಗಳೂ ಬಾಡಿಗೆ ಗಾಡಿಗಳೂ ಬೀದಿಗಿಳಿದ ಮಾರನೆಯ ದಿನ ಲೆಕ್ಕ ಹಾಕಿ ನೋಡಿದಳು. ಇದ್ದ ಮೂರು ಹೊಲಿಗೆ ಮೆಷಿನ್ ಮಾರಿದರೂ ನಾಲ್ಕು ದಿನದ ಪ್ರಚಾರಕ್ಕೆ ಸಾಲುತ್ತಿರಲಿಲ್ಲ. ನಾಮಪತ್ರ ಹಿಂದಕ್ಕೆ ತೆಗೆದುಕೊಂಡು ಬಂದು, ಸಂಜೆಯವರೆಗೆ ಗುಂಡಿ ಹೊಲಿಯುತ್ತ ಕೂತಿದ್ದಳು. ಲ್ಯಾಬಕ್ಕನಿಗೆ ಮರೆಯಲಾಗದೆ ಉಳಿದದ್ದು ಆ ಗುಂಡಿಗಳು.

ಹಾಗಾಗಿ ಈ ಚಳವಳಿ. ಕೋರಿಕೆ ಇಷ್ಟೇ: ಜನಬೆಂಬಲ ಇದೆಯೆಂದು ತೋರಿಸಿದ ಅಭ್ಯರ್ಥಿಯ ಪ್ರಚಾರದ ಖರ್ಚನ್ನು ನಗರಸಭೆಯ ಬೊಕ್ಕಸವೇ ಕೊಡಲಿ, ಹಾಗೆ ಪಡೆದವರು ಬೇರೆ ಯಾರ ಮುಂದೆಯೂ ಕೈಚಾಚಬಾರದು. ಈ ಊರಿನ ನಿಯಮದ ಪ್ರಕಾರ ಎರಡು ಸಾವಿರ ಮತದಾರರು ಸಹಿ ಹಾಕಿದರೆ ಇದನ್ನು ಊರಿನ ಮತಕ್ಕೆ ಹಾಕಲೇಬೇಕು. ಕೊನೆಯ ದಿನ ಮಾರ್ಚ್ ೧೪, ಸಂಜೆ ಐದು. ತಪ್ಪಿದರೆ ಮತ್ತೆ ಐದು ವರ್ಷ.

ಮನೆಮನೆಗೆ ಹೋದಾಗ ಎಲ್ಲರದೂ ಒಂದೇ ಪ್ರಶ್ನೆ: ನಮ್ಮ ತೆರಿಗೆ ದುಡ್ಡಲ್ಲಿ ಅವರ ಫ್ಲೆಕ್ಸಾ? ಮೊದಲ ವಾರ ಲ್ಯಾಬಕ್ಕ ಕೋಷ್ಟಕ ತೋರಿಸಿದಳು, ಜನ ಆಕಳಿಸಿದರು. ಎರಡನೆಯ ವಾರ ಕೋಷ್ಟಕವನ್ನು ಮನೆಯಲ್ಲೇ ಬಿಟ್ಟು ಹೋದಳು.

"ನೀರು ಟೆಸ್ಟ್ ಮಾಡೋ ನಂಗೆ ನೀರು ಮಾರೋವ್ನೇ ಸಂಬಳ ಕೊಡ್ತಾನೆ ಅಂದ್ಕೊಳ್ಳಿ. ನಾನು ಚೆನ್ನಾಗಿದೆ ಅಂದ ನೀರನ್ನ ನೀವು ಕುಡೀತೀರಾ?"

ಪೆನ್ನು ಎಲ್ಲಿದೆ ಎಂದು ಕೇಳುತ್ತಿದ್ದರು.

೩ (ಕೈಬಿಟ್ಟದ್ದು)

ಇಲ್ಲಿ ನನ್ನ ಮೊದಲ ಕರಡಿನಲ್ಲಿ ಕಂತ್ರಾಟುದಾರನೊಬ್ಬ ಬರುತ್ತಿದ್ದ. ಕಪ್ಪು ಕಾರು, ಬಂಗಾರದ ಗಡಿಯಾರ, ಸಹಿಪತ್ರಗಳನ್ನು ಕದಿಯುವ ಇಬ್ಬರು ಚೇಲಾಗಳು. ಒಂದೂವರೆ ಪುಟ ಆಗಿತ್ತು, ಅಷ್ಟರಲ್ಲಿ ಲ್ಯಾಬಕ್ಕ ನನ್ನ ಬರೆಯುವ ಕೈಗೇ ಅಡ್ಡ ಬಂದಳು.

"ಅವ್ನನ್ನ ತೆಗೀರಿ. ನಾನು ನೋಡಿಲ್ಲದ್ದನ್ನ ರಿಪೋರ್ಟಲ್ಲಿ ಬರೀಬಾರ್ದು."

ಕಥೆಗೊಬ್ಬ ಖಳ ಬೇಕಲ್ಲ ಎಂದೆ.

"ನಮ್ಮ ಕಾಗದ ಹಾಳು ಮಾಡೋಕೆ ಹೊರಗಿನವ್ರು ಯಾಕೆ? ಮನೆಯವ್ರೇ ಸಾಕು."

ಕಂತ್ರಾಟುದಾರನನ್ನು ತೆಗೆದೆ. (ಕಾರು ಮಾತ್ರ ಚೆನ್ನಾಗಿತ್ತು.)

೪

ಈಗ ಇಸ್ತ್ರಿಪೆಟ್ಟಿಗೆ ಇಳಿಸಬಹುದು.

ಟೈಲರಮ್ಮನ ಅಂಗಡಿಯಲ್ಲೇ ಹನ್ನೊಂದು ಹಾಳೆಗಳಲ್ಲಿ ೨೧೪ ಜನ ಸಹಿ ಹಾಕಿದ್ದರು. ಅಳತೆ ಕೊಡಲು ಬಂದವರು, ಝಿಪ್ಪು ಹಾಕಿಸಲು ಬಂದವರು, ಸುಮ್ಮನೆ ಹರಟಲು ಬಂದವರು. ಬಟ್ಟೆಗಳ ನಡುವೆ ಬಿದ್ದು ಹಾಳೆಗಳು ಮುದುಡಿದ್ದವು. ಹನ್ನೊಂದು ವಾರದ ಕಷ್ಟವನ್ನು ಸುಕ್ಕುಗಟ್ಟಿದ ಹಾಗೆ ಕಚೇರಿಗೆ ಕೊಡುವುದು ಅವಳ ಕೈಗೆ ಒಗ್ಗುವ ಮಾತಲ್ಲ. ಗಿರಾಕಿಯ ಕೈಗೆ ಇಸ್ತ್ರಿ ಮಾಡದ ಬಟ್ಟೆ ಕೊಟ್ಟವಳೇ ಅಲ್ಲ ಅವಳು. ಹದವಾದ ಬಿಸಿಯಲ್ಲಿ, ಒಂದರ ಮೇಲೊಂದು ಜೋಡಿಸಿಟ್ಟು, ಹನ್ನೊಂದನ್ನೂ ಒಟ್ಟಿಗೇ ಇಸ್ತ್ರಿ ಮಾಡಿದಳು.

ಅಂಗಡಿಯ ಮೇಜಿನ ಮೇಲೆ ಸದಾ ಇರುತ್ತಿದ್ದ ಪೆನ್ನು ಬಟ್ಟೆಗೆ ಗುರುತು ಹಾಕುವ ಪೆನ್ನು. ಕತ್ತರಿಸಿ ಹೊಲಿದ ಮೇಲೆ ಇಸ್ತ್ರಿ ತಾಕಿಸಿದರೆ ಗುರುತು ಮಾಯವಾಗಬೇಕು, ಅದು ಅದರ ಧರ್ಮ. ಪೆನ್ನು ತನ್ನ ಧರ್ಮ ತಪ್ಪಲಿಲ್ಲ.

(ಇಲ್ಲಿ ಟೈಲರಮ್ಮನ ತಕರಾರು: ನನ್ನನ್ನು ಪೆದ್ದಿ ಮಾಡಬೇಡಿ, ಮೂವತ್ತು ವರ್ಷದಿಂದ ಕತ್ತರಿ ಹಿಡಿದಿದ್ದೇನೆ. ಮೂವತ್ತು ವರ್ಷದ ಅಭ್ಯಾಸ ಇಲ್ಲದಿದ್ದರೆ ಈ ತಪ್ಪು ಯಾರಿಂದಲೂ ಆಗುತ್ತಿರಲಿಲ್ಲ ಎಂದೆ. ಸ್ವಲ್ಪ ಸಮಾಧಾನವಾಯಿತು.)

ಲ್ಯಾಬಕ್ಕ ಬಂದಾಗ ನಾದಿನಿ ಹನ್ನೊಂದು ಖಾಲಿ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಉಳಿದ ಕಡೆಗಳಿಂದ ಬಂದ ಸಹಿಗಳು ೧,೮೪೬. ಇನ್ನೂ ೧೫೪ ಬೇಕು.

"ಬಯ್ಯಿ ಅತ್ತಿಗೆ," ಅಂದಳು. "ಸುಮ್ನೆ ನಿಂತ್ಕೋಬೇಡ, ಭಯ ಆಗುತ್ತೆ."

ಬಯ್ಯಲು ಲ್ಯಾಬಕ್ಕನಿಗೆ ಪುರುಸೊತ್ತಿರಲಿಲ್ಲ. ಅವಳು ಆ ಪೆನ್ನಿನ ಮೈಮೇಲಿನ ಸಣ್ಣ ಅಕ್ಷರ ಓದುತ್ತಿದ್ದಳು. ಶಾಯಿ ಅಳಿಸಿಹೋಗಿಲ್ಲ, ಬಿಸಿಗೆ ಬಣ್ಣ ಬಿಟ್ಟುಕೊಟ್ಟಿದೆ ಅಷ್ಟೇ. ಬಿಸಿಗೆ ಹೋದದ್ದು ಚಳಿಗೆ ಬರಬಹುದು.

೫

ಲ್ಯಾಬಿನ ಫ್ರೀಜರ್ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ನಡೆಯುತ್ತಿತ್ತು. ಟೈಲರಮ್ಮ ಹಾಳೆಗಳನ್ನು ಒಮ್ಮೆಗೇ ಒಳಗೆ ತುರುಕಲು ಹೋದಳು, ಅತ್ತಿಗೆ ಕೈ ಹಿಡಿದಳು. ಮೊದಲು ಒಂದು ಚೀಟಿಯ ಮೇಲೆ ಅದೇ ಪೆನ್ನಿನಲ್ಲಿ ಗೆರೆ, ಗೆರೆಯ ಮೇಲೆ ಇಸ್ತ್ರಿ, ಆಮೇಲೆ ಫ್ರೀಜರ್. ಐದು ನಿಮಿಷಕ್ಕೆ ಏನಿಲ್ಲ. ಹತ್ತಕ್ಕೆ ಮಸುಕು. ಹದಿನೈದಕ್ಕೆ ನೀಲಿ ಗೆರೆ, ಹೋದ ಕಡೆಯಿಂದ ಉಂಡುಟ್ಟು ಬಂದಂತೆ, ಸ್ಪಷ್ಟ.

ಹಾಳೆಗಳು ಹೊರಬಂದಾಗ ಇಬ್ಬರೂ ಬಗ್ಗಿ ಓದಿದರು. ಬೇಕರಿಯವನು ಬಂದ. ಅವನ ಅತ್ತೆ ಬಂದಳು. ಎಡಗೈಯಲ್ಲಿ ಬರೆಯುವ ಪೋಸ್ಟ್‌ಮ್ಯಾನ್ ವಾಲಿಕೊಂಡು ಬಂದ. ಒಂದೊಂದು ಹೆಸರಿಗೂ ಟೈಲರಮ್ಮ ಬಾಗಿಲಲ್ಲಿ ನೆಂಟರನ್ನು ಕಂಡವಳ ಹಾಗೆ ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಕಥೆ ಇಲ್ಲೇ ಮುಗಿದರೆ ಎಷ್ಟು ಚೆಂದ. ನಾನಂತೂ ಮುಗಿಸಿಬಿಟ್ಟಿದ್ದೆ. ಆದರೆ ಕಚೇರಿಯಲ್ಲಿ ಗುಮಾಸ್ತರೊಬ್ಬರು ಕೂತಿದ್ದರು.

೬

ಗುಮಾಸ್ತರು ಕೆಟ್ಟವರಲ್ಲ. ತಣ್ಣಗಿದ್ದ ಹಾಳೆಗಳನ್ನು ಮುಟ್ಟಿ ನೋಡಿ ಕಾರಣ ಕೇಳಿದರು, ಲ್ಯಾಬಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಹಿ ಮತ್ತೆ ಹೋಗುವುದಿಲ್ಲ ಎಂದು ಬರೆದುಕೊಡುತ್ತೀರಾ ಎಂದರು. ಟೈಲರಮ್ಮ ಮೇಜಿನ ಕೆಳಗೆ ಅತ್ತಿಗೆಯ ಕಾಲು ತುಳಿದಳು.

"ಅರವತ್ತು ಡಿಗ್ರಿ ದಾಟಿದ್ರೆ ಹೋಗುತ್ತೆ ಸರ್," ಅಂದಳು ಲ್ಯಾಬಕ್ಕ.

ಗುಮಾಸ್ತರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಸುಳ್ಳು ಹೇಳಿದ್ದರೆ ಅವರ ಕೆಲಸ ಸುಲಭವಾಗುತ್ತಿತ್ತೇನೋ. ಕೊನೆಗೆ ನಿಯಮದ ಪುಸ್ತಕ ತಿರುವಿ ದಾರಿಯೊಂದನ್ನು ಹುಡುಕಿಕೊಟ್ಟರು: ಸಹಿ ಮಾಡಿದವರು ತಾವೇ ಬಂದು, ಗುರುತಿನ ಚೀಟಿ ತೋರಿಸಿ, ಅದೇ ಸಾಲಿನಲ್ಲಿ ಬಾಲ್‌ಪೆನ್ನಿನಿಂದ ಮತ್ತೆ ಸಹಿ ಹಾಕಲಿ. ಐದಕ್ಕೆ ಗೇಟು ಹಾಕುತ್ತೇನೆ, ಒಳಗೆ ಸಾಲಲ್ಲಿ ನಿಂತವರು ಲೆಕ್ಕಕ್ಕೆ.

ಫ್ರೀಜರ್ ವಾಪಸು ಕೊಟ್ಟ ಹೆಸರುಗಳು ಕೈಯಲ್ಲಿದ್ದವು. ಅರ್ಧ ಜನರ ಫೋನ್ ನಂಬರು ಟೈಲರಮ್ಮನ ಅಳತೆ ಪುಸ್ತಕದಲ್ಲೇ ಇತ್ತು. ಉಳಿದವರ ಬಾಗಿಲಿಗೆ ಲ್ಯಾಬಕ್ಕ ಓಡಿದಳು, ಚಪ್ಪಲಿಯ ಬಾರು ಕಿತ್ತುಹೋದ ಮೇಲೆ ಬರಿಗಾಲಲ್ಲಿ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದಳು. ಜನ ನಕ್ಕರು. ಇಸ್ತ್ರಿಯ ಕಥೆ ಅವಳಿಗಿಂತ ಮುಂಚೆ ಬೀದಿ ಮುಟ್ಟಿತ್ತು. ಬೇಕರಿಯವನ ಅತ್ತೆ ಮೊಮ್ಮಗಳ ಸ್ಕೂಟರ್ ಹತ್ತುತ್ತ, "ಸಹಿ ಹಾಕಿದ್ದು ನಾನು, ಓಡಿಹೋಗಿದ್ದು ಅದು, ಹಿಡ್ಕೊಂಡು ಬರೋಕೂ ನಾನೇ ಬೇಕಾ?" ಎಂದಳು. ಹಿಂದಿನ ಸಲ ಎದುರಾಳಿಯ ಗಾಡಿ ಓಡಿಸಿದ್ದ ಡ್ರೈವರ್ ಈ ಸಲ ಬಾಡಿಗೆ ಕೇಳದೆ ಮೂರು ಸುತ್ತು ಜನ ತಂದು ಇಳಿಸಿದ.

೭, ಅಥವಾ ಅಂತ್ಯಗಳು

ಸಂಜೆ ಐದು. ಗೇಟು ಮುಚ್ಚಿತು. ಅಷ್ಟರಲ್ಲಿ ೯೭ ಜನ ಸಹಿ ಹಾಕಿಯಾಗಿತ್ತು. ಗುರಿ ಮುಟ್ಟಲು ಸಾಲಿನಲ್ಲಿ ಇನ್ನೂ ೫೭ ಜನ ಇರಬೇಕು.

ಅಂತ್ಯ ಒಂದು: ಎಣಿಸಿದರೆ ೫೬. ಎಲ್ಲರೂ ಉಸಿರು ಬಿಗಿಹಿಡಿದಾಗ ಟೈಲರಮ್ಮ ಮುಂದೆ ಬಂದು ಕೊನೆಯ ಸಹಿ ಹಾಕುತ್ತಾಳೆ. ಕೂಡಲೇ ಅವಳು ನನ್ನನ್ನು ಗದರಿದಳು: "ನಾನು ಮೊದಲ್ನೇ ವಾರವೇ ಅತ್ತಿಗೆ ಹಾಳೇಲಿ ಹಾಕಿದ್ದೀನಿ. ಎರಡೆರಡು ಸಲ ಹಾಕಿಸಿ ಕಳ್ಳಿ ಮಾಡ್ಬೇಡಿ." ಹೊಡೆದುಹಾಕಿದೆ.

ಅಂತ್ಯ ಎರಡು: ಸಾಲದೆ ಹೋಗುತ್ತದೆ, ಆದರೂ ಎಲ್ಲರೂ ಏನೋ ಕಲಿಯುತ್ತಾರೆ. ಲ್ಯಾಬಕ್ಕ ಓದಿ ನೋಡಿ, ಕಲಿಯೋದೆಲ್ಲ ಬೆಳಿಗ್ಗೆನೇ ಕಲಿತಾಯ್ತು ಎಂದಳು. ಅದೂ ಹೋಯಿತು.

ಹಾಗಾದರೆ ಆದದ್ದನ್ನೇ ಹೇಳುತ್ತೇನೆ. ಸಾಲು ಪಡಸಾಲೆ ದಾಟಿ, ಮೂಲೆ ತಿರುಗಿ, ಅಂಗಳಕ್ಕೆ ಇಳಿದಿತ್ತು. ಟೈಲರಮ್ಮ ತಲೆ ಎಣಿಸಲು ಹೊರಟಳು. ಜನ ಹಿಂದೆ ತಿರುಗಿ ಹರಟುವರು, ಜಾಗ ಬಿಟ್ಟು ನೀರು ಕುಡಿದು ಬರುವರು, ಗಂಡನ ಜಾಗದಲ್ಲಿ ಹೆಂಡತಿ ನಿಲ್ಲುವಳು. ಮೂರು ಸಲ ಎಣಿಸಿದಳು, ಮೂರು ಸಂಖ್ಯೆ ಬಂತು. ಒಳಗೆ ಗುಮಾಸ್ತರ ಪೆನ್ನು ನಿಧಾನವಾಗಿ ಸಾಗುತ್ತಿತ್ತು. ಕಾಯುವುದು ಅವಳ ಕೈಲಾಗಲಿಲ್ಲ.

"ಒಬ್ಬ ಮನುಷ್ಯ ಸಾಲಲ್ಲಿ ಎಷ್ಟು ಜಾಗ ಹಿಡೀತಾನೆ ಅತ್ತಿಗೆ?"

"ಅರವತ್ತು ಸೆಂಟಿಮೀಟರ್ ಅಂತ ಹಿಡಿ. ಐದು ಆಚೆ ಈಚೆ ಆಗ್ಬೋದು."

"ಹಾಗಾದ್ರೆ ನಮ್ಗೆ ಎಷ್ಟು ಬೇಕು?"

"ಮೂವತ್ನಾಲ್ಕು ಮೀಟರ್ ಇಪ್ಪತ್ತು. ಹೊಟ್ಟೆ ಇರೋವ್ರನ್ನ ನೋಡ್ಕೊಂಡು ಅಳಿ."

ಟೈಲರಮ್ಮ ಕುತ್ತಿಗೆಯಿಂದ ಟೇಪು ಎಳೆದು ನೆಲಕ್ಕೆ ಕೂತಳು. ಸಾಲಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಸರಿಯುತ್ತ ಹೋದಳು. ಜನ ಕಾಲು ಎತ್ತಿ ದಾರಿ ಬಿಟ್ಟರು. ನನ್ನ ಸೊಂಟದ್ದೂ ಅಳೆದುಬಿಡು ಎಂದ ಪೋಸ್ಟ್‌ಮ್ಯಾನ್. ಲ್ಯಾಬಕ್ಕ ಬರಿಗಾಲಲ್ಲಿ ಹಿಂದೆ ನಡೆಯುತ್ತ ಅಂಗೈ ಮೇಲೆ ಬರೆದುಕೊಂಡಳು. ಹನ್ನೊಂದು ವಾರದಲ್ಲಿ ಮೊದಲ ಸಲ ಅವಳಿಗೆ ಜೋರಾಗಿ ನಗಬೇಕೆನಿಸಿತು, ನಕ್ಕಳು.

ಗುಮಾಸ್ತರು ಎಷ್ಟು ಎಣಿಸಿದರು, ಊರು ಹೇಗೆ ಮತ ಹಾಕಿತು, ಟೈಲರಮ್ಮ ನಿಂತಳೇ, ಗೆದ್ದಳೇ? ನಾನು ಹೇಳುವುದಿಲ್ಲ. ಲ್ಯಾಬಕ್ಕನ ಅಂಗೈಯಲ್ಲಿದ್ದಷ್ಟನ್ನು ಮಾತ್ರ ಬರೆಯುತ್ತೇನೆ.

ಸಾಲಿನ ಉದ್ದ: ೩೬ ಮೀಟರ್ ೪೦ ಸೆಂಟಿಮೀಟರ್.