ತಂದೆಯ ಹೆಸರು ತಿಳಿಯದ ಗಿಡ

ಕೃತಕ ಹಲ್ಲಿನ ಸೆಟ್ ಮಾಡುವುದು ಅವನ ಕಸುಬು, ಹಾಗಾಗಿ ಬೀದಿಯವರ ಬಾಯಲ್ಲಿ ಅವನು ಹಲ್ಲಣ್ಣ. ಯಾರದೇ ಹಲ್ಲನ್ನು ಒಮ್ಮೆ ನೋಡಿದರೆ ಸಾಕು, ಅದೇ ಬಣ್ಣದ್ದನ್ನು ಡಬ್ಬಿಯಿಂದ ತಡವಿಲ್ಲದೆ ಹೆಕ್ಕುತ್ತಿದ್ದ. ಅಂಥವನು ಆ ಬೆಳಿಗ್ಗೆ ಹಿತ್ತಲಲ್ಲಿ ಒಂದು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತವನು ಅರ್ಧ ಗಂಟೆಯಾದರೂ ಏಳಲಿಲ್ಲ. ಕೈಯಲ್ಲಿದ್ದ ಕಾಫಿ ಕೆನೆಗಟ್ಟಿತ್ತು.

ಅನಾನಸಿನ ದಾಯಾದಿಗಳಾದ ಬ್ರೊಮೆಲಿಯಾಡ್ ಗಿಡಗಳೆಂದರೆ ಅವನಿಗೆ ಪ್ರಾಣ. ನಾಲ್ಕು ವರ್ಷದ ಹಿಂದೆ, ಅಡ್ಡಪಟ್ಟೆಯ ಹಸಿರು ಗಿಡದ ಹೂವಿಗೆ ಅಚ್ಚ ಕೆಂಪು ಗಿಡದ ಪರಾಗ ಮುಟ್ಟಿಸಿ, ಗುರುತಿಗೆ ಕೆಂಪು ದಾರ ಕಟ್ಟಿದ್ದ. ದಾರ ಕಟ್ಟಿದ ಹಣ್ಣುಗಳ ಬೀಜದಿಂದ ಹದಿನಾರು ಸಸಿ ಉಳಿದವು. ಹದಿನೈದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಹದಿನಾರನೆಯದು ಈಗ ಹೂಬಿಡುವ ಹೊತ್ತು ಹತ್ತಿರವಾಗಿ ಬಣ್ಣ ತಿರುಗಿತ್ತು. ಗಾಢ ನೇರಳೆ ಎಲೆ, ಅದರ ತುಂಬ ಸಾಸಿವೆ ಗಾತ್ರದ ಹಳದಿ ಚುಕ್ಕೆ. ತಾಯಿಗೆ ಚುಕ್ಕೆ ಇರಲಿಲ್ಲ. ತಂದೆಗೂ ಇರಲಿಲ್ಲ.

"ಅಕ್ಕಾ, ಸ್ವಲ್ಪ ಬಾ ಇಲ್ಲಿ. ಇದು ಯಾರ ಹಾಗಿದೆ ನೋಡು."

ಶಾಲೆಯ ಲೈಬ್ರರಿಯಲ್ಲಿ ಕೆಲಸ ಮುಗಿಸಿ ನಿವೃತ್ತಳಾದ ಅಕ್ಕ ಅವನ ಜೊತೆಗೇ ಇದ್ದಳು. ಬಂದವಳು ಕನ್ನಡಕವನ್ನು ಹಣೆಗೇರಿಸಿದಳು, ಮತ್ತೆ ಇಳಿಸಿದಳು.

"ನಂದೇ ಇರಬೇಕು ಕಣೋ."

"ನಿಂದು ಅಂದ್ರೆ?"

"ನೀನು ಕಾಮಾಲೆ ಬಂದು ಆಸ್ಪತ್ರೆಲಿ ಮಲಗಿದ್ದೆಯಲ್ಲ, ಆಗ ಬಾಯಿ ಬಿಟ್ಟರೆ ಇದೇ ಗೋಳು. ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತೆ, ಎಲ್ಲ ವ್ಯರ್ಥ ಆಯ್ತು ಅಂತ. ನೋಡಕ್ಕಾಗದೆ ಆರು ದಿನ ಆ ಪಟ್ಟೆ ಗಿಡದ ಹೂವಿಗೆ ನಾನೇ ಪರಾಗ ಮುಟ್ಟಿಸಿದೆ."

"ಯಾವ ಬ್ರಶ್ಶಲ್ಲಿ?"

"ಕಿವಿಗೆ ಹಾಕೋ ಹತ್ತಿ ಕಡ್ಡಿ."

"ದಿನಕ್ಕೊಂದಾ?"

ಅಕ್ಕ ಸ್ವಲ್ಪ ಯೋಚಿಸಿದಳು. "ಆರು ದಿನಕ್ಕೂ ಒಂದೇ."

ಹಲ್ಲಣ್ಣ ಕಾಫಿ ಲೋಟ ಕೆಳಗಿಟ್ಟ. ಯಾವ ಗಿಡದ ಪರಾಗ ಎಂದು ಕೇಳಿದರೆ, ಅರಳಿದ್ದರದ್ದೆಲ್ಲ ಎಂದಳು. ದಾರ ಯಾವುದು ಎಂದರೆ, ಅವನ ಡಬ್ಬಿಯಲ್ಲಿದ್ದ ಅದೇ ಕೆಂಪು ದಾರ. ಹಾಗಾದರೆ ಹದಿನಾರರಲ್ಲಿ ತನ್ನ ಕೈಯವು ಎಷ್ಟು? ಒಂದಾದರೂ ಇದೆಯೇ? ನಾಲ್ಕು ವರ್ಷ ಬಂದವರಿಗೆಲ್ಲ ನಂದು, ನಂದು ಎಂದು ತೋರಿಸಿದ್ದು ಯಾರದ್ದು?

ಗಿಡಪ್ರಿಯರ ಸಂಘದಲ್ಲಿ ಹೊಸ ತಳಿಯನ್ನು ದಾಖಲಿಸಲು ತಾಯಿ, ತಂದೆ ಎರಡರ ಹೆಸರೂ ಬೇಕು. ಕಾರ್ಯದರ್ಶಿಗೆ ಫೋನ್ ಮಾಡಿದ.

"ಅಂದಾಜಲ್ಲಿ ಬರೀರಿ ಸಾರ್. ಯಾರು ಬಂದು ನೋಡ್ತಾರೆ?"

ಹಾಗೆ ಬರೆಯಲು ಅವನಿಗೆ ಮನಸ್ಸು ಬರಲಿಲ್ಲ. ಒಮ್ಮೆ ಹೂಬಿಟ್ಟು ಮರಿ ಹಾಕಿ ಸಾಯುವುದು ಈ ಗಿಡಗಳ ಗುಣ. ಅಂದಿನ ಗಿಡಗಳು ಹೋಗಿದ್ದವು, ಅವುಗಳ ಮರಿಗಳಿದ್ದವು. ಭಾನುವಾರ ಹಳೆಯ ನೋಟ್‌ಬುಕ್ಕಿನ ನಕ್ಷೆ ನೋಡಿಕೊಂಡು ಮೂವತ್ತು ಕುಂಡಗಳನ್ನೂ ಆಗ ಇದ್ದ ಜಾಗಕ್ಕೇ ಎತ್ತಿಟ್ಟ. ಸೊಂಟ ಹಿಡಿದುಕೊಂಡಿತು. ಆಮೇಲೆ ಅಕ್ಕನ ಕೈಗೊಂದು ಹತ್ತಿ ಕಡ್ಡಿ ಕೊಟ್ಟು, ಅವತ್ತು ನಡೆದ ಹಾಗೇ ನಡೆ, ಪರಾಗ ತೆಗೆದ ಗಿಡ ತೋರಿಸು ಎಂದ.

ಅಕ್ಕ ಮೆಟ್ಟಿಲಿಳಿದಳು. ನಲ್ಲಿಯ ಹತ್ತಿರ ಚುಕ್ಕೆಯಿದ್ದ ಬೇರೊಂದು ಗಿಡದ ಮುಂದೆ ನಿಂತಳು. "ಇದು." ನಾಲ್ಕು ಹೆಜ್ಜೆ ಹೋಗಿ ಇನ್ನೊಂದು ಚುಕ್ಕೆ ಗಿಡದ ಮುಂದೆ ನಿಂತಳು. "ಇಲ್ಲ, ಇದು ಅನ್ಸುತ್ತೆ." ಆಮೇಲೆ ಗೋಡೆಯ ಕಡೆ ತಿರುಗಿದಳು. "ಪಕ್ಕದ ಮನೆ ನರ್ಸಮ್ಮನ ಕುಂಡ ಇಲ್ಲಿತ್ತಲ್ಲ? ಅದನ್ನೂ ಮುಟ್ಟಿದ ಹಾಗಿತ್ತು."

ನರ್ಸಮ್ಮ ಮನೆ ಖಾಲಿ ಮಾಡಿಕೊಂಡು, ಕುಂಡಗಳ ಸಮೇತ ಹೋಗಿ ಎರಡು ವರ್ಷವಾಗಿತ್ತು.

ಅವನು ಮೆಟ್ಟಿಲ ಮೇಲೆ ಕೂತ. "ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಲೇ ಇದ್ದೆ. ನೀನು ಆಸ್ಪತ್ರೆಯಿಂದ ಬಂದವನು ಚಪ್ಪಲಿ ಕೂಡ ಬಿಡದೆ ಹಿತ್ತಲಿಗೆ ಓಡಿದೆ. ಕಾಯಿ ಕಟ್ಟಿದೆ ನೋಡಕ್ಕಾ, ನನ್ನ ಕೈಗುಣ ಅಂದೆ. ಮುಖ ಇನ್ನೂ ಅರಿಶಿನದ ಹಾಗಿತ್ತು. ಏನು ಹೇಳ್ಲಿ?"

ಅವನಿಗೆ ಸಿಟ್ಟು ಬಂತೋ, ನಾಚಿಕೆಯಾಯಿತೋ, ಅವಳ ಕೈ ಹಿಡಿದುಕೊಳ್ಳಬೇಕು ಅನಿಸಿತೋ, ಅವನಿಗೇ ತಿಳಿಯಲಿಲ್ಲ. ಎದ್ದು ಕೈ ತೊಳೆದುಕೊಂಡು ಅರ್ಜಿ ತುಂಬಿದ. ತಂದೆ ಎಂದಿದ್ದ ಕಡೆ 'ತಿಳಿಯದು' ಎಂದು ಬರೆದ. ತಳಿ ಬೆಳೆಸಿದವರು ಎಂದಿದ್ದ ಕಡೆ ಬಹಳ ಹೊತ್ತು ಪೆನ್ನು ಹಿಡಿದು ಕೂತ. ಕೊನೆಗೆ ಇಬ್ಬರ ಹೆಸರೂ ಬರೆದ, ಅಕ್ಕನದು ಮೊದಲು.

ಮೂರು ದಿನಕ್ಕೆ ಆ ನೇರಳೆ ಗಿಡದ ಎಲೆಗಳ ನಡುವಿನ ಬಟ್ಟಲಲ್ಲಿ ನಿಂತ ನೀರಿನಲ್ಲಿ ಮೊದಲ ಹೂವು ಅರಳಿತು. ತನ್ನದೇ ಪರಾಗ ತಗಲದಂತೆ ಅವನು ಚಿಮುಟದಿಂದ ಅದರ ಕೇಸರಗಳನ್ನು ಕಿತ್ತು, ಅಕ್ಕನನ್ನು ಕರೆದು, ಹಲ್ಲಿಗೆ ಬಣ್ಣ ಹಚ್ಚುವ ಹೊಸ ಬ್ರಶ್ಶೊಂದನ್ನು ಕೈಗಿಟ್ಟ.

"ಯಾವುದರದ್ದು ತಗೊಳ್ಲಿ?"

"ನಿನಗೆ ಬೇಕಾದ್ದು ತಗೋ. ಹೇಳಿ ತಗೋ, ಅಷ್ಟೇ."

ಅಕ್ಕ ಕೆಂಪು ಗಿಡದ ಕಡೆ ಹೋದಳು. ಅವನು 'ಕೆಂಪು' ಎಂದು ಬರೆದ. ಅವಳು ಬಗ್ಗಿ ನೋಡಿ, ಬೇಡವೆಂದು ತಲೆಯಾಡಿಸಿ, ನಲ್ಲಿಯ ಕಡೆ ನಡೆದಳು. ಅವನು ಬರೆದದ್ದನ್ನು ಹೊಡೆದು ಹಾಕಿದ.

"ಅಕ್ಕಾ, ಯಾವುದು?"

"ಇರೋ, ಇನ್ನೂ ನೋಡ್ತಿದ್ದೀನಿ."