ಕದೀಜಾ ಪಲ್ಮೋಳ ಮನೆಗೆ ಹೋದದ್ದು

ಪೆರ್ನಾಲ್ ಹಬ್ಬ ಮುಗಿದು ಮೂರನೆಯ ದಿನ, ಮಾರ್ಚ್ ತಿಂಗಳ ಕೊನೆ. ಚಳಿ ಹೋಗಿತ್ತು, ಧೂಳುಗಾಳಿ ಇನ್ನೂ ಶುರುವಾಗಿರಲಿಲ್ಲ. ಬೆಳಗಿನ ಸುಬಹಿ ನಮಾಜು ಮುಗಿಸಿ ನಾನು ಕುವೈತಿನ ರಿಗ್ಗೈಯಲ್ಲಿ ಮಗನ ಫ್ಲ್ಯಾಟಿನಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದೆ. ಗೋಡೌನಿನ ಬಸ್ಸು ಬರಲು ಇನ್ನೂ ಅರ್ಧ ಗಂಟೆ ಇತ್ತು. ವಿಸಿಟ್ ವೀಸಾದಲ್ಲಿ ಬಂದು ಹತ್ತು ದಿನವಾಗಿದ್ದ ನನ್ನ ಹೆಂಡತಿ ಕದೀಜಾ ಎದುರಿಗೆ ಕುಳಿತು ಉಣ್ಣೆಯ ಕಾಲುಚೀಲದ ಹರಿದ ಹಿಮ್ಮಡಿಗೆ ಹೊಲಿಗೆ ಹಾಕುತ್ತಿದ್ದಳು. ದಾರವನ್ನು ಹಲ್ಲಿನಲ್ಲಿ ಕಡಿದು, ತಲೆ ಎತ್ತದೆಯೇ ಹೇಳಿದಳು:

"ಈ ಸಲದ ರಜೆಗೆ ಊರಿಗೆ ಹೋಗುವುದು ಬೇಡ. ಪಲ್ಮೋಳ ಮನೆಗೆ ಹೋಗುವ."

ನಾನು ಲೋಟ ಕೆಳಗಿಟ್ಟೆ. ಕುವೈತಿನಲ್ಲಿ ನಮ್ಮಂಥವರಿಗೆ ರಜೆ ಅಂದರೆ ಊರು. ರಜೆಯಲ್ಲಿ ಬೇರೆ ಕಡೆಗೂ ಹೋಗಬಹುದು ಎನ್ನುವುದು ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ನನಗೆ ಹೊಳೆದದ್ದಿಲ್ಲ.

ಪಲ್ಮೋ ಯಾರೆಂದು ಹೇಳಬೇಕು. ನನ್ನ ಕೆಲಸ ಮೀನಾ ಅಬ್ದುಲ್ಲಾದಲ್ಲಿ, ಕೋಳಿ ಮತ್ತು ಮೀನು ಇಡುವ ಕೋಲ್ಡ್ ಸ್ಟೋರಿನಲ್ಲಿ. ಹೊರಗೆ ಐವತ್ತು ಡಿಗ್ರಿ ಬಿಸಿಲಿದ್ದರೂ ಒಳಗೆ ಮೈನಸ್ ಹದಿನೆಂಟು. ಹದಿನೈದು ವರ್ಷದ ಹಿಂದೆ ಅಲ್ಲಿಗೆ ನೋರ್ಬು ಎಂಬವನು ಬಂದ. ಹಿಮಾಚಲದ ಸ್ಪಿತಿ ಕಣಿವೆಯವನು. ಹಿಮದ ಊರಿನವನಲ್ಲವೇ ಎಂದು ನಮ್ಮ ಮ್ಯಾನೇಜರು ಮುದೀರ್ ಅವನನ್ನು ನೇರ ಫ್ರೀಜರಿಗೆ ಹಾಕಿದರು. ಮೊದಲ ವಾರ ಎಲ್ಲರಿಗಿಂತ ಹೆಚ್ಚು ನಡುಗಿದವನು ಅವನೇ. ನಮ್ಮ ಊರಿನ ಚಳಿಯ ಜೊತೆ ಬಿಸಿಲೂ ಇರುತ್ತದೆ ಚಾಚಾ, ಇದು ಪೆಟ್ಟಿಗೆಯೊಳಗಿನ ಚಳಿ ಎಂದು ಹಿಂದಿಯಲ್ಲಿ ಹೇಳುತ್ತಿದ್ದ. ನಾನು, ನೋರ್ಬು, ಮತ್ತೆ ಒಂದು ಆಫೀಸಿನಲ್ಲಿ ಅಡಿಗೆ ಮಾಡುವ ಬಂಟ್ವಾಳದ ಸದಾನಂದ, ಮೂವರೂ ಇದೇ ಕಟ್ಟಡದ ಎರಡನೇ ಮಾಳಿಗೆಯ ಕೋಣೆಯಲ್ಲಿ ಹನ್ನೊಂದು ವರ್ಷ ಒಟ್ಟಿಗಿದ್ದೆವು. ಪಲ್ಮೋ ನೋರ್ಬುವಿನ ಅಕ್ಕ. ಅವನನ್ನು ಸಾಕಿ ದೊಡ್ಡ ಮಾಡಿದವಳು.

ಬೇರೆಯವರ ಸಾಮಾನು ಪೆಟ್ಟಿಗೆಯಲ್ಲಿ ಇಲ್ಲದೆ ಇಲ್ಲಿಂದ ಯಾರೂ ವಿಮಾನ ಹತ್ತುವುದಿಲ್ಲ, ಬರುವಾಗಲೂ ಹಾಗೆಯೇ. ನಾನು ಒಂದು ಸಲ ಊರಿಂದ ಬರುವಾಗ ಕದೀಜಾ ಹಲಸಿನ ಹಪ್ಪಳ ಕಟ್ಟಿ ಕೊಟ್ಟಳು. ನೋರ್ಬುವಿಗೆ ಅದು ಬಹಳ ಹಿಡಿಸಿತು. ಅಕ್ಕನಿಗೆಂದು ಒಂದು ಕಟ್ಟು ತೆಗೆದಿಟ್ಟುಕೊಂಡು ತನ್ನ ರಜೆಯಲ್ಲಿ ಒಯ್ದ. ತಿರುಗಿ ಬರುವಾಗ ಪಲ್ಮೋ ಕದೀಜಾಳಿಗೆಂದು ಕೈಯಾರೆ ಹೆಣೆದ ಉಣ್ಣೆಯ ಕಾಲುಚೀಲ ಕಳಿಸಿದ್ದಳು. ನಮ್ಮೂರು ಪಾಣೆಮಂಗಳೂರಿನ ಸೆಕೆಯಲ್ಲಿ ಉಣ್ಣೆಯ ಕಾಲುಚೀಲ ಯಾರು ಹಾಕುತ್ತಾರೆ? ಕದೀಜಾ ಹಾಕಿದಳು. ಬಿಗಿಯಾಯಿತು. ಮುಂದಿನ ಸಲ ಹಪ್ಪಳದ ಜೊತೆಗೆ ಪೇಪರಿನ ಮೇಲೆ ತನ್ನ ಪಾದ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸಿದಳು. ಆಮೇಲೆ ಬಂದದ್ದೆಲ್ಲ ಅಳತೆಗೆ ಸರಿಯಾಗಿತ್ತು.

ಫ್ರೀಜರಿನ ಕೆಲಸ ಗೊತ್ತಿರುವವರು ನಾವಿಬ್ಬರೇ ಆದ್ದರಿಂದ ಇಬ್ಬರಿಗೂ ಒಂದೇ ವರ್ಷ ರಜೆ ಸಿಗುತ್ತಿರಲಿಲ್ಲ. ಹಾಗಾಗಿ ಕದೀಜಾ ಕಳಿಸಿದ್ದು ನನ್ನ ಮಂಚದಡಿಯಲ್ಲಿ ಒಂದು ವರ್ಷ ಕಾಯುತ್ತಿತ್ತು, ಪಲ್ಮೋ ಕಳಿಸಿದ್ದು ಅವನ ಮಂಚದಡಿಯಲ್ಲಿ. ಇಂಡಿಯಾದಿಂದ ಇಂಡಿಯಾಕ್ಕೆ ಹೋಗುವ ಹಪ್ಪಳಕ್ಕೂ ಕುವೈತಿನಲ್ಲಿರಲು ಇಕಾಮಾ ಪರವಾನಗಿ ಮಾಡಿಸಿ ಎಂದು ಸದಾನಂದ ನಗುತ್ತಿದ್ದ. ಒಂದು ವರ್ಷ ಪಲ್ಮೋ ಗಟ್ಟಿಯಾದ ಬಿಳಿ ತುಂಡುಗಳನ್ನು ಕಳಿಸಿದಳು. ಅದು ಒಣಗಿಸಿದ ಚೀಸು, ಬಾಯಲ್ಲಿಟ್ಟು ಚೀಪುವಂಥದ್ದು. ಹೇಳಲು ನಾನು ಮರೆತೆ. ನಾಲಿಗೆಗೆ ಮುಟ್ಟಿಸಿ ನೋಡಿ, ಹುಳಿ ಉಂಟು ಎಂದು ಕದೀಜಾ ಅದನ್ನು ಪುನರ್ಪುಳಿಯ ಬದಲಿಗೆ ಬಂಗುಡೆ ಸಾರಿಗೆ ಹಾಕಿದಳು. ಚೆನ್ನಾಗಿಯೇ ಆಗಿತ್ತು.

ನಾಲ್ಕು ವರ್ಷದ ಹಿಂದೆ ನೋರ್ಬು ಕೆಲಸ ಖಲಾಸ್ ಮಾಡಿ ಊರಿಗೆ ಹೋದ. ಮನೆಯ ಮೇಲೆ ಮೂರು ಕೋಣೆ ಕಟ್ಟಿ ಪ್ರವಾಸಿಗಳಿಗೆ ಕೊಡುತ್ತಿದ್ದಾನೆ. ಅಲ್ಲಿಗೆ ಸಾಮಾನಿನ ದಾರಿ ನಿಂತಿತು. ಅಂಚೆಯಲ್ಲಿ ಕಳಿಸು ಎಂದರೆ ಕದೀಜಾ ಒಪ್ಪಲಿಲ್ಲ, ಅಂಚೆಯವನಿಗೆ ಯಾರದು ಯಾರಿಗೆ ಎಂದು ಎಂತ ಗೊತ್ತು ಎಂದಳು. ನೋರ್ಬು ಕದೀಜಾಳಿಗೆ ವಿಡಿಯೋ ಕಾಲ್ ಮಾಡಿ ಅಕ್ಕನನ್ನು ತೋರಿಸಿದ್ದುಂಟು. ಇಬ್ಬರೂ ಫೋನಿನೊಳಗೆ ಕಣ್ಣು ಅಗಲಿಸಿ ನೋಡಿ, ಊಟ ಆಯಿತಾ ಎಂದು ಕೇಳಿಸಿ, ನಾಚಿ ಫೋನು ತಿರುಗಿಸಿ ಕೊಡುತ್ತಿದ್ದರು.

"ಅವಳನ್ನು ಎದುರಿಗೆ ಒಮ್ಮೆ ನೋಡ್ಬೇಕು ನನಗೆ," ಎಂದಳು ಕದೀಜಾ. "ಈ ಮೊಣಕಾಲು ಬರುವ ವರ್ಷಕ್ಕೆ ಹೇಗಿರ್ತದೋ. ಈಗ ಆಗದಿದ್ದರೆ ಮತ್ತೆ ಇಲ್ಲ."

ಹೆಚ್ಚು ಕೇಳುವವಳಲ್ಲ. ಕೇಳಿದ್ದನ್ನು ಬಿಡುವವಳೂ ಅಲ್ಲ.

ಸಂಜೆ ಮಗ ಅಝರುದ್ದೀನ್ ಕೆಲಸದಿಂದ ಬಂದವನು ಕೇಳಿ ಶೂ ಬಿಚ್ಚುವುದನ್ನೇ ಮರೆತ. ಅದು ಹದಿನಾಲ್ಕು ಸಾವಿರ ಅಡಿ ಎತ್ತರ ಉಪ್ಪಾ, ಅಲ್ಲಿ ಗಾಳಿಯೇ ಇಲ್ಲ, ಉಮ್ಮನಿಗೆ ಮೊಣಕಾಲು ನೋವು, ನಿಮಗೆ ಅರುವತ್ತು ದಾಟಿತು ಎಂದು ಒಂದೊಂದೇ ಹೇಳಿದ. ನಾನು ಮೂವತ್ತೊಂದು ವರ್ಷ ಮೈನಸ್ ಹದಿನೆಂಟರಲ್ಲಿ ನಿಂತವನು, ನನಗೆ ಏನೂ ಆಗುವುದಿಲ್ಲ ಎಂದೆ. ಉಮ್ಮನದು ಹೇಳಿ ಎಂದ. ಕೊನೆಗೆ ಮೂರನೇ ಮಾಳಿಗೆಯ ಮರ್ಸಿ ಬಾಯಮ್ಮ ಏನು ಹೇಳುತ್ತಾರೋ ಹಾಗೆ ಎಂದಾಯಿತು. ಮರ್ಸಿ ಇಪ್ಪತ್ತು ವರ್ಷದಿಂದ ಇಲ್ಲಿ ನರ್ಸು, ಕಟ್ಟಡದಲ್ಲಿ ಅವರ ಮಾತಿಗೆ ಎದುರಿಲ್ಲ.

ಮರ್ಸಿ ಕದೀಜಾಳ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿ ನೋಡಿದರು, ಎದೆ ನೋಡಿದರು, ಮೊಣಕಾಲು ಒತ್ತಿದರು. ಆಮೇಲೆ ತೀರ್ಪು ಕೊಟ್ಟರು. ಮೇ ತಿಂಗಳು ಮುಗಿಯುವುದರೊಳಗೆ ಎಂಟು ಮಾಳಿಗೆಯನ್ನು ಎಲ್ಲಿಯೂ ನಿಲ್ಲದೆ ಹತ್ತಬೇಕು. ಹತ್ತುವಾಗ ಮಾತಾಡಲಿಕ್ಕೂ ಆಗಬೇಕು. ಆಗದಿದ್ದರೆ ಹೋಗುವ ಮಾತಿಲ್ಲ.

ಕುವೈತಿನಲ್ಲಿ ಗುಡ್ಡ ಎಂಬುದು ಇಲ್ಲ. ಹತ್ತುವುದಾದರೆ ಮೆಟ್ಟಿಲೇ ಗತಿ. ಮೊದಲ ದಿನ ಕದೀಜಾ ಎರಡನೇ ಮಾಳಿಗೆಯಲ್ಲಿ ಕುಳಿತುಬಿಟ್ಟಳು. ಸದಾನಂದ ಬಾಗಿಲು ತೆರೆದು, ಸ್ಪಿತಿ ಇಷ್ಟು ಹತ್ತಿರವಾ ಕದೀಜಕ್ಕ ಎಂದು ಕೇಳಿ ನೀರು ಕೊಟ್ಟ. ಅವಳು ನೀರು ಕುಡಿದು ಲೋಟ ತಿರುಗಿಸಿ ಕೊಟ್ಟಳು. ಮರುದಿನ ಅವನ ಬಾಗಿಲು ದಾಟಿ ಮೂರನೇ ಮಾಳಿಗೆಯಲ್ಲಿ ಕುಳಿತಳು. ದಿನಾ ಬೆಳಿಗ್ಗೆ, ದಿನಾ ಸಂಜೆ. ಮುದುಕಿ ಮೆಟ್ಟಿಲಲ್ಲಿ ಹೋಗುವುದನ್ನು ಕಂಡವರು ಲಿಫ್ಟು ಕೆಟ್ಟಿದೆ ಎಂದೇ ತಿಳಿದು ತಾವೂ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರು. ಕಟ್ಟಡ ಕಾಯುವವನು ಎರಡು ಸಲ ರಿಪೇರಿಯವನನ್ನು ಕರೆಸಿ ಬೈಸಿಕೊಂಡ. ಮಾತಾಡಲಿಕ್ಕೆ ಆಗಬೇಕು ಎಂಬ ಶರತ್ತಿಗೆ ಮಾತ್ರ ಮೊದಲ ದಿನದಿಂದಲೇ ಏನೂ ತೊಂದರೆ ಇರಲಿಲ್ಲ.

ನಾನೂ ಜೊತೆಗೆ ಹತ್ತಬಹುದಿತ್ತು. ಹತ್ತಲಿಲ್ಲ. ಕೆಳಗೆ ನಿಂತು ಕಾಯುತ್ತಿದ್ದೆ.

ಮೇ ಇಪ್ಪತ್ತರಂದು ಮರ್ಸಿ ಬಾಯಮ್ಮನ ಎದುರಿಗೇ ಅವಳು ಎಂಟೂ ಮಾಳಿಗೆ ಹತ್ತಿದಳು. ಹತ್ತುತ್ತಾ, ಸೊಸೆ ಫರ್ಝಾನಾಳ ತಂಗಿಯ ಮದುವೆ ಮಾತುಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಮೇಲೆ ಮುಟ್ಟಿದಾಗ ಉಸಿರಾಡಲು ಕುಳಿತವರು ಮರ್ಸಿ. ಅಝರುದ್ದೀನ್ ಮರುಮಾತಾಡದೆ ದೆಹಲಿಗೆ ಟಿಕೆಟು ಮಾಡಿಸಿದ. ಮುದೀರ್ ನನಗೆ ಕೊಟ್ಟದ್ದು ಹದಿನಾರು ದಿನದ ರಜೆ. ಅದರಲ್ಲೇ ಹೋಗಿ ಬರಬೇಕು.

ದಾರಿಯನ್ನು ನಾನು ಆರಿಸಿದೆ. ಸ್ಟೋರಿನಲ್ಲಿ ನಮಗೊಂದು ಕ್ರಮ ಇದೆ. ಬಿಸಿಲಿಂದ ಬಂದವನು ನೇರ ಫ್ರೀಜರಿಗೆ ಹೋಗುವ ಹಾಗಿಲ್ಲ, ಮುಂದಿನ ತಂಪು ಕೋಣೆಯಲ್ಲಿ ಹತ್ತು ನಿಮಿಷ ನಿಲ್ಲಬೇಕು. ಅವಸರ ಮಾಡಿದವರು ಬಿದ್ದದ್ದನ್ನು ಕಂಡಿದ್ದೇನೆ. ಮನಾಲಿಯ ದಾರಿ ಬೇಗದ್ದು, ಶಿಮ್ಲಾದ ದಾರಿ ನಿಧಾನದ್ದು ಎಂದು ನೋರ್ಬು ಫೋನಿನಲ್ಲಿ ಹೇಳಿದಾಗ ನಿಧಾನದ್ದೇ ಇರಲಿ ಎಂದೆ. ಶಿಮ್ಲಾದಲ್ಲಿ ಒಂದು ರಾತ್ರಿ, ರಾಂಪುರದಲ್ಲಿ ಒಂದು, ರೆಕಾಂಗ್ ಪಿಯೋದಲ್ಲಿ ಎರಡು, ತಾಬೋದಲ್ಲಿ ಒಂದು. ಮರ, ತೋಟ, ಹಸುರು ಎಲ್ಲ ಹಿಂದೆ ಬಿದ್ದು, ಕೊನೆಗೆ ಕಣ್ಣು ಹಾಯುವಷ್ಟು ದೂರ ಮಣ್ಣಿನ ಬಣ್ಣದ ಬೋಳು ಪರ್ವತಗಳು ಬಂದವು. ತುದಿಯಲ್ಲಿ ಮಾತ್ರ ಹಿಮ. ಕುವೈತಿನ ಮರುಭೂಮಿಯನ್ನೇ ಎತ್ತಿ ನಿಲ್ಲಿಸಿದ ಹಾಗಿತ್ತು.

"ಇಷ್ಟು ದೂರ ಬಂದು ಮತ್ತೆ ಕುವೈತೇ ಬಂತಲ್ಲ," ಎಂದಳು ಕದೀಜಾ. ಆದರೆ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಕೆಳಗೆ ಬಹಳ ಆಳದಲ್ಲಿ ನದಿ ಹರಿಯುತ್ತಿತ್ತು, ಸಿಮೆಂಟು ಕಲಸಿದ ನೀರಿನ ಬಣ್ಣ.

ಬುಧವಾರ ಕಾಜಾ ಪೇಟೆ ಮುಟ್ಟಿದೆವು. ನೋರ್ಬು ಜೀಪು ತಂದು ನಿಂತಿದ್ದ. ನಾವು ಬಂದ ಗಾಡಿಯಿಂದ ಇಳಿದದ್ದೇ ನನಗೆ ತಲೆ ತಿರುಗಿತು. ಚಳಿಗೆಂದು ಹೊತ್ತು ತಂದಿದ್ದ ಸ್ಟೋರಿನ ದಪ್ಪ ಕೋಟಿನ ಮೇಲೆ ಕುಳಿತುಬಿಟ್ಟೆ. ಚಳಿಯೇ ಇರಲಿಲ್ಲ, ಒಳ್ಳೆಯ ಬಿಸಿಲಿತ್ತು. ಇಲ್ಲದ್ದು ಗಾಳಿ. ತಲೆ ಸುತ್ತಿಗೆಯಲ್ಲಿ ಬಡಿದ ಹಾಗೆ, ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಆಸ್ಪತ್ರೆಯ ಡಾಕ್ಟರು ನೋಡಿ ಮಾತ್ರೆ ಕೊಟ್ಟು, ನೀವು ಎರಡು ದಿನ ಇಲ್ಲೇ ಮಲಗಬೇಕು, ಇನ್ನೂ ಮೇಲಿನ ಹಳ್ಳಿಗೆ ಹತ್ತಬಾರದು ಎಂದರು. ಕದೀಜಾಳ ಬೆರಳಿಗೂ ಕ್ಲಿಪ್ಪು ಹಾಕಿದರು. ಅಂಕಿ ನೋಡಿ, ಇವರು ಇಲ್ಲಿಯವರೇ ಎಂದು ನೋರ್ಬುವನ್ನು ಕೇಳಿದರು.

ಆ ದಿನವೆಲ್ಲ ಅವಳು ನನ್ನ ಬಳಿ ಕುಳಿತಳು. ಮರುದಿನ ಬೆಳಿಗ್ಗೆ ನೋರ್ಬು ಬಂದಾಗ ನನ್ನ ಹಣೆ ಮುಟ್ಟಿ ನೋಡಿದಳು.

"ಜ್ವರ ಉಂಟಾ?"

"ಇಲ್ಲ."

"ವಾಂತಿ?"

"ನಿಂತಿದೆ."

"ಹಾಗಾದರೆ ನಾನು ಮೇಲೆ ಹೋಗ್ತೇನೆ."

ಡಾಕ್ಟರು ಹತ್ತಬಾರದು ಎಂದು ಹೇಳಿದ್ದಾರಲ್ಲ ಎಂದೆ. ಅವಳು ತಲೆಯ ಬಟ್ಟೆ ಸರಿ ಮಾಡಿಕೊಂಡಳು.

"ಅದು ಹೇಳಿದ್ದು ನಿಮಗೆ. ನನಗಲ್ಲ."

ಹೋದಳು. ನನಗೆ ಬೇಸರವಾಯಿತೇ ಎಂದರೆ ಆಯಿತು. ಎರಡು ದಿನ ಹೋಟೆಲಿನ ಮಾಡು ನೋಡುತ್ತಾ ಮಲಗಿದೆ. ಎಷ್ಟು ಸಲ ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ಕುವೈತಿನ ವಿಮಾನ ಹತ್ತಿದ್ದೇನೆ ಎಂದು ಲೆಕ್ಕ ಹಾಕಿದೆ. ಹದಿನೇಳು ಸಲ. ಲೆಕ್ಕ ಮುಗಿದ ಮೇಲೆ ಬೇಸರ ಸ್ವಲ್ಪ ಕಡಿಮೆಯಾಯಿತು.

ಶನಿವಾರ ಮಧ್ಯಾಹ್ನ ನೋರ್ಬು ನನ್ನನ್ನೂ ಕರೆದೊಯ್ದ. ಇಪ್ಪತ್ತು ಮನೆಯ ಹಳ್ಳಿ, ಮಣ್ಣಿನ ಬಿಳಿ ಗೋಡೆ, ಚಪ್ಪಟೆ ಮಾಡು, ಮಾಡಿನ ಮೇಲೆ ಒಣಹುಲ್ಲು. ಬಗ್ಗಿ ಒಳಗೆ ಹೋದರೆ ಅಡಿಗೆ ಕೋಣೆಯ ನಡುವಿನ ಒಲೆಯ ಬಳಿ ಇಬ್ಬರು ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದರು. ಕದೀಜಾ ಬ್ಯಾರಿ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಪಲ್ಮೋ ತನ್ನ ಭಾಷೆಯಲ್ಲಿ ಅದಕ್ಕೆ ಉತ್ತರ ಕೊಡುತ್ತಿದ್ದಳು. ನನ್ನನ್ನು ಕಂಡದ್ದೇ ಪಲ್ಮೋ ಕೈಯನ್ನು ಕೆನ್ನೆಗಿಟ್ಟು ಮಲಗಿದವನ ಹಾಗೆ ನಟಿಸಿ ತೋರಿಸಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನನ್ನ ವಿಚಾರ ಎಲ್ಲ ಆಗಲೇ ಮೇಲೆ ಬಂದು ಮುಟ್ಟಿತ್ತು.

ಮೊದಲು ಕಂಡಾಗ ಹೇಗಾಯಿತು ಎಂದು ಕದೀಜಾಳನ್ನು ಆಮೇಲೆ ಕೇಳಿದೆ.

"ಅವಳು ನನ್ನ ಮುಖ ನೋಡ್ಲೇ ಇಲ್ಲ," ಎಂದಳು. "ಸೀದಾ ಕಾಲು ನೋಡಿದ್ದು. ಕೂತ್ಕೊಂಡು ಹೆಬ್ಬೆರಳು ಮುಟ್ಟಿ ನೋಡಿದಳು. ಮತ್ತೆ ತಬ್ಬಿಕೊಂಡದ್ದು."

ಸಂಜೆ ಕದೀಜಾ, ಊರಿಂದ ತಂದು ನನ್ನ ಪೆಟ್ಟಿಗೆಯಲ್ಲಿಟ್ಟಿದ್ದ ಹಪ್ಪಳದ ಕಟ್ಟು ಬಿಚ್ಚಿ ಪಲ್ಮೋಳ ಕೈಗೆ ಕೊಟ್ಟಳು. ಪಲ್ಮೋ ಖುಷಿಯಿಂದ ಒಂದನ್ನು ಮುರಿದು, ಹಾಗೇ ಹಸಿಯಾಗಿ ಬಾಯಿಗೆ ಹಾಕಿ ಕಟಕಟ ಅಗಿಯಲು ಶುರು ಮಾಡಿದಳು. ಕದೀಜಾ ನೋರ್ಬುವಿನ ಮುಖ ನೋಡಿದಳು. ನೋರ್ಬು ಗೋಡೆ ನೋಡಿದ. ಇಷ್ಟು ವರ್ಷವೂ ಈ ಮನೆಯಲ್ಲಿ ಹಪ್ಪಳ ತಿಂದದ್ದು ಹಾಗೆಯೇ. ಎಣ್ಣೆಯಲ್ಲಿ ಕಾಯಿಸಬೇಕು ಎಂದು ಹೇಳೋಣ ಎಂದುಕೊಂಡಿದ್ದೆ ಚಾಚಿ, ಆದರೆ ಅಕ್ಕ ಅಷ್ಟು ಖುಷಿಯಲ್ಲಿ ಅಗಿಯುತ್ತಿದ್ದಳು, ಮನಸ್ಸು ಬರಲಿಲ್ಲ ಎಂದ. ಕದೀಜಾ ಬಾಣಲೆ ಕೇಳಿ ಇಸಿದುಕೊಂಡು ಎಣ್ಣೆ ಇಟ್ಟಳು. ಹಪ್ಪಳ ಅರಳಿ ಬಾಣಲೆ ತುಂಬಿದಾಗ ಪಲ್ಮೋ ಹಿಂದೆ ಸರಿದು ಒಲೆಯ ಕಡೆಗೆ ಕೈ ಮುಗಿದಳು. ತಿಂದು ನೋಡಿದಳು. ಒಳ್ಳೆಯದೇ, ಆದರೆ ಬೇಗ ಮುಗಿಯುತ್ತದೆ, ಹಸಿಯದಾದರೆ ಒಂದು ಸಂಜೆಗೆ ಒಂದು ಸಾಕು ಎಂದು ತಮ್ಮನ ಕೈಯಲ್ಲಿ ಹೇಳಿಸಿದಳು. ಕದೀಜಾಳಿಗೆ ಇದು ನ್ಯಾಯ ಎನಿಸಿತು. ಅವಳೂ ಒಂದು ಹಸಿ ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡಳು.

ಭಾನುವಾರ ಅವರಿಬ್ಬರೂ ಬಟಾಣಿ ಗದ್ದೆಯಲ್ಲಿ ಕಳೆ ಕಿತ್ತರು. ನಾನು ಗದ್ದೆಯ ಬದಿಯ ಕಲ್ಲಿನ ಮೇಲೆ ಬಿಸಿಲಿಗೆ ಕುಳಿತೆ. ನೋರ್ಬು ಹೇಳಿದ್ದು ನಿಜ, ಚಳಿ ಇತ್ತು, ಅದರ ಜೊತೆ ಬಿಸಿಲೂ ಇತ್ತು. ನಾಳೆ ಹೊರಡಬೇಕು, ಗಂಟು ಕಟ್ಟು ಎಂದು ಕದೀಜಾಳಿಗೆ ಹೇಳಿದೆ. ಅವಳು ಸೊಂಟ ನೇರ ಮಾಡಿ ನಿಂತಳು. ಕೈ ತುಂಬ ಮಣ್ಣು.

"ಹದಿನೈದು ವರ್ಷದ ಮಾತು ಉಂಟು ನಮಗೆ. ನಾಲ್ಕು ದಿನದಲ್ಲಿ ಮುಗೀತದಾ?" ಎಂದಳು. "ನಿಮಗೆ ಡ್ಯೂಟಿ ಉಂಟು, ನೀವು ಹೋಗಿ. ಹೋಗುವುದು ನಿಮಗೆ ಗೊತ್ತುಂಟಲ್ಲ."

ಮಾತು ಯಾವ ಭಾಷೆಯಲ್ಲಿ ಎಂದು ನಾನು ಕೇಳಲಿಲ್ಲ. ಅವಳ ವೀಸಾದ ದಿನವೂ ಮುಗಿಯುತ್ತಾ ಬಂದಿತ್ತು, ಕುವೈತಿಗೆ ತಿರುಗಿ ಬರುವ ಅಗತ್ಯವಿರಲಿಲ್ಲ. ನೋರ್ಬು ದೆಹಲಿಯವರೆಗೆ ತಾನೇ ಕರೆತರುತ್ತೇನೆ ಎಂದ. ಊರಿನಲ್ಲಿರುವ ಚಿಕ್ಕ ಮಗ ಸಿರಾಜುದ್ದೀನ್ ಅಲ್ಲಿಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಫೋನಿನಲ್ಲಿ ಒಪ್ಪಿದ.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಜೀಪು ಹತ್ತಿದವನು ನಾನೊಬ್ಬನೇ. ಬಾಗಿಲಲ್ಲಿ ಇಬ್ಬರೂ ನಿಂತಿದ್ದರು. ಜೀಪು ತಿರುವು ದಾಟುವುದಕ್ಕೆ ಮೊದಲೇ ಮಾತಾಡುತ್ತಾ ಒಳಗೆ ಹೋದರು. ಕದೀಜಾ ಊರಿಗೆ ಹೊರಟದ್ದು ಅದಾಗಿ ಎರಡು ವಾರ ಕಳೆದು, ಅದೂ ಸೋಮವಾರವೇ.